ಶಿವಕಾಂತಾ ಹೊಲಿಯೋ ರುಮಾಲಾ

ಜಹೀರಾಬಾದದ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ಎರಡು ಡಬ್ಬಿ ಅಂಗಡಿ ಅವ. ಒಂದು ನಂದು. ನಾನು ರಾಜೇಶ್ವರಿ, ಸೀರಿಗೆ ಫಾಲ್ ಹಚ್ತೀನಿ, ಪಿಕೋ ಮಾಡ್ತೀನಿ. ಬಾಜೂಕಿನದು ಶಿವಕಾಂತಾಂದು. ನಾವು ಕುರುಬರು, ಅವರು ಲಿಂಗಾಯತರು. ನಮ್ಮ ಜಗಳಕ್ಕ ಅದೆಲ್ಲ ಬೇಕಾಗಿಲ್ಲ, ಒಂದು ಕತ್ತರಿ ಸಾಕು. ಇಪ್ಪತ್ತೆರಡು ವರ್ಷದಾಗ ನಾವು ಮಾತು ಬಿಟ್ಟ ದಿನ ಭಾಳ, ಚಹಾ ಬಿಟ್ಟ ದಿನ ಒಂದೂ ಇಲ್ಲ.

ಆಕಿ ಹುಟ್ಟಿದ್ದು ನಾಗಲಗಿದ್ದದ ಕಡಿ, ಕೊಟ್ಟಿದ್ದು ನಾರಾಯಣಖೇಡಕ್ಕ. ಗಂಡ ಕಾಶಿನಾಥ ಟೇಲರ್. ಖೇಡದಾಗ ಧಂದಾ ನಡೀಲಿಲ್ಲಂತ ಮಶೀನ್ ಹೊತ್ಕೊಂಡು ಇಲ್ಲಿಗೆ ಬಂದ್ರು. ಹೈವೇ ಬಾಜೂಕ ಒಂದು ಸಣ್ಣ ಗುರುದ್ವಾರ ಅದ. ಲಾರಿ ಓಡಸೋ ಸರ್ದಾರ್ ಮಂದಿ ಕೈ ಮುಗದು, ಉಂಡು ಮುಂದ ಹೋಗ್ತಾರ. ಅಲ್ಲಿ ಅವರ ಗ್ರಂಥಸಾಹೇಬಕ್ಕ ಹೊಚ್ಚೋ ವಸ್ತ್ರಕ್ಕ ರುಮಾಲಾ ಅಂತಾರ. ರೇಷ್ಮಿದು, ಸುತ್ತ ಅಂಚಿಗೆ ಜೋತಬೀಳೋ ಜರಿ ಝಾಲರ. ವರ್ಷಕ್ಕ ಎರಡು ಹೊಲೀಬೇಕು. ಮೊದಲ ಕಾಶಿನಾಥ ಹೊಲೀತಿದ್ದ. ಅಂವ ತೀರಿಹೋಗಿ ಎಂಟು ವರ್ಷ ಆತು, ಅವತ್ತಿಂದ ಈಕೀನೇ.

ಆಕಿ ರುಮಾಲಾ ಹೊಲಿಯೋ ದಿನ ನಮಗ ಸಾಕುಬೇಕಾಗ್ತದ. ನಸುಕಿನ್ಯಾಗ ತಲಿಮ್ಯಾಲ ನೀರು, ಲಿಂಗಪೂಜಿ, ಆಮ್ಯಾಲ ಮಶೀನಿಗೆ ಸ್ನಾನ. ತೊಡಿಮ್ಯಾಲ ಬಿಳಿ ಚಾದರ ಹಾಸ್ಕೊಂಡು, ತಲಿಮ್ಯಾಲ ಸೆರಗು ಹೊತ್ಕೊಂಡು ಕೂಡ್ತಾಳ. ರೇಷ್ಮಿ ಕಾಲಿಗೆ ತಾಕಬಾರದು, ನೆಲಕ್ಕ ಇಳೀಬಾರದು. ದಿನಾ ಎಲಿ ಜೋಡಿ ತಂಬಾಕ ಹಾಕ್ಕೊಳ್ಳಾಕಿ, ಆ ಎರಡು ದಿನ ತಂಬಾಕಿನ ಡಬ್ಬಿ ತಂದು ನನ್ನ ಗಲ್ಲಾದಾಗ ಇಡ್ತಾಳ. ಊರಾಗ ಬ್ಲೌಸ್ ಹೊಲಿಯೋರು ನೂರು ಮಂದಿ, ರುಮಾಲಾ ಹೊಲಿಯೋದು ನಾ ಒಬ್ಬಾಕೀನೇ ಅಂತ ಆಕೀಗೆ ಸೊಕ್ಕು. ಇರ್ಲಿ, ಸೊಕ್ಕು ಮಾಡಾಕ ಆಕೀಗೆ ಬ್ಯಾರೆ ಏನದ?

ಮೂರು ವರ್ಷದ ಹಿಂದ ಕಣ್ಣಿಗೆ ಪೊರಿ ಬಂತು. ತಾಂಡೂರಿನಾಗಿರೋ ಮಗಳು ನೇಹಾ, ಆಪರೇಷನ್ ಮಾಡಸ್ತೀನಿ ಬಾ ಅಂತ ಫೋನ್ ಮಾಡಿ ಮಾಡಿ ಸೋತಳು. ಈಕೀದು ಒಂದೇ ಮಾತು, ಸಂಕ್ರಾಂತಿ ಆಗ್ಲಿ. ಎಷ್ಟು ಸಂಕ್ರಾಂತಿ ಆದ್ವೋ ಶಿವನೇ ಬಲ್ಲ. ಮಶೀನ್ ಕೆಲಸ ಕೈ ಅಂದಾಜಿನ ಮ್ಯಾಲ ನಡೀತದ, ಝಾಲರ ಮಾತ್ರ ಕೈಲೇ ಹಚ್ಚಬೇಕು. ಸೂಜ್ಯಾಗ ದಾರ ಪೋಣಿಸೋ ತಂತಿ ತಂದುಕೊಟ್ಟೆ, ಮೂರು ಮುರದಳು. ಕಡೀಗೆ ಎಲ್ಲಾ ಟೇಲರ್ ಮಂದಿ ಮಾಡೋದನ್ನೇ ಮಾಡಿದಳು. ದಾರದ ತುದಿ ನಾಲಿಗಿಮ್ಯಾಲ ಇಟ್ಟು, ತುಟಿಲೆ ಹಿಂಡಿ, ಚೂಪು ಮಾಡಿ ಪೋಣಸೋದು. ಒಂದೊಂದು ದಾರಕ್ಕ ನಾಕು ಸಲ, ಐದು ಸಲ. ನಾನು ದಿನಾ ನೋಡ್ತಿದ್ದೆ. ರುಮಾಲಾ ಹೊಲಿಯೋ ದಿನಾನೂ ನೋಡೀನಿ. ದಿನಾ ಬ್ಲೌಸಿನ ಕೆಲಸದಾಗ ಬಿದ್ದ ರೂಢಿ, ಕೈ ತಾನೇ ಬಾಯಿಗೆ ಹೋಗ್ತದ, ಆಕೀಗೆ ಖಬರ್ ಇಲ್ಲ. ನನಗಿತ್ತು. ಹೇಳಿದ್ರ ಎದಿ ಒಡಕೋತಾಳ, ನಮಗ್ಯಾಕ ಬೇಕಂತ ಸುಮ್ಮನಿದ್ದೆ.

ಈ ಕಾರ್ತಿಕ ಹುಣ್ಣಿವಿಗೆ ಅವರ ನಾನಕ ಗುರುವಿನ ಹಬ್ಬ. ಹಿಂದಿನ ದಿನ ಮಧ್ಯಾಹ್ನ ಕೇಸರಿ ರುಮಾಲಾ ತಟ್ಟ್ಯಾಗ ಇಟ್ಕೊಂಡು ಹೊಂಟಳು. ರಸ್ತಾ ದಾಟಾಕ ಕಣ್ಣು ಕಾಣಂಗಿಲ್ಲಂತ ನಾನೂ ಜೋಡಿ ಹೋದೆ. ಅಲ್ಲಿ ಗ್ರಂಥ ಓದೋ ಭಾಯಿ ನಿಹಾಲ್ ಸಿಂಗ್ ಬೀದರದಾಗ ಹುಟ್ಟಿ ಬೆಳದಾಂವ, ಕನ್ನಡ ನಮ್ಮಂಗೇ ಮಾತಾಡ್ತಾನ. ಯಾವಾಗಲೂ ಬಾಗಿಲದಾಗ ಕೊಟ್ಟು, ಪ್ರಸಾದ ತಗೊಂಡು ತಿರುಗಾಕಿ. ಅವತ್ತು ಭಾಯಿ ಬಿಡಲಿಲ್ಲ.

“ಎಂಟು ವರ್ಷ ಹೊಲದೀರಿ, ಹೊಚ್ಚೋದು ಒಮ್ಮಿನೂ ನೋಡಿಲ್ಲ. ಒಳಗ ಬರ್ರಿ,” ಅಂದ.

ಕಾಲು ತೊಳಕೊಂಡು, ಸೆರಗು ಹೊತ್ಕೊಂಡು ಒಳಗ ಕೂತಿವಿ. ಗ್ರಂಥಸಾಹೇಬ ಮಂಚದ ಮ್ಯಾಲ ದಿಂಬಿನ್ಯಾಗ ಇತ್ತು, ಮ್ಯಾಲ ಅರಬಿ ಛತ್ತು, ಬಾಜೂಕ ಗಾಳಿ ಬೀಸೋ ಚೌರಿ. ಭಾಯಿ ನೆಲಕ್ಕ ಹಣಿ ಹಚ್ಚಿ ಎದ್ದ, ಎರಡೂ ಕೈ ತೊಳದ, ಹಳೇ ರುಮಾಲಾ ತೆಗಿಯೋಕಿಂತ ಮೊದಲ ಒಂದು ಬಿಳಿ ಅರಬಿ ಮುಖಕ್ಕ ಕಟ್ಟಿಕೊಂಡ.

“ಅವರ ಮುಖದಾಗ ಅದೇನು ಬೆಳ್ಳಗ?” ಶಿವಕಾಂತಾ ಪಿಸುಗುಟ್ಟಿದಳು.

“ಬಾಯಿಗೆ ಅರಬಿ ಕಟ್ಯಾನ.”

“ಯಾಕ?”

“ಉಗುಳು ಸಿಡೀಬಾರದಂತ ಇರಬೇಕು,” ಅಂದೆ. ಅಂದ ಮ್ಯಾಲ ನಾಲಿಗಿ ಕಚ್ಚಿಕೊಂಡೆ.

ಆಕಿ ಕೈ ತುಟಿಗೆ ಹೋತು, ಅಲ್ಲೇ ನಿಂತುಬಿಟ್ಟಿತು. “ಅಯ್ಯೋ ನಮ್ಮಪ್ಪಾ,” ಅಂದಳು.

ರಟ್ಟಿ ಹಿಡದು ಪಡಸಾಲಿಗೆ ಎಳಕೊಂಡು ಬಂದೆ. “ಬಾಯಿ ಬಿಡಬ್ಯಾಡ. ಯಾರು ನೋಡ್ಯಾರ? ನಿಮ್ಮ ಸ್ವಾಮಿಗಳೇ ಲಿಂಗ ಕಟ್ಟಿದವರಿಗೆ ಎಂಜಲ ಸೂತಕ ಇಲ್ಲಂತಾರಲ್ಲ! ದಾರ ಒಣಗಿ ಎಷ್ಟೊತ್ತಾತು.”

“ಅದು ನಮ್ಮ ಮನ್ಯಾಗಿನ ಮಾತು ರಾಜವ್ವಾ. ಇದು ಅವರ ಮನಿ. ಉಸುರು ತಾಕಬಾರದಂತ ಬಾಯಿ ಕಟ್ಕೊಂಡಾರ ಅವರು.”

“ಹೇಳಿದ್ರ ಈ ಕೆಲಸ ಹೋಗ್ತದ, ನೋಡು. ಆಮ್ಯಾಲ ನನ್ನ ಮುಂದ ಅಳಬ್ಯಾಡ.”

“ಹೋಗ್ತದ,” ಅಂದಳು. ಅಳಾಕತ್ತಿದ್ದಳು. ಕೈ ಕೊಡವಿಕೊಂಡು, ಬಾಗಿಲ ಚೌಕಟ್ಟು ತಡವುತ್ತ ಒಳಗ ಹೋದಳು. ಭಾಯಿ ಕೇಸರಿ ರುಮಾಲಾದ ಮಡಿಕಿ ಬಿಚ್ಚಾಕತ್ತಿದ್ದ.

“ಹೊಚ್ಚಬ್ಯಾಡ್ರಿ ಭಾಯಿಜಿ. ದಾರಕ್ಕ ನನ್ನ ಎಂಜಲ ತಾಕ್ಯಾದ.”

ಅಂವ ಹಂಗೇ ನಿಂತ. ಆಕಿ ಅಲ್ಲಿಗೇ ನಿಂದ್ರಸಬೇಕಿತ್ತು, ಒಂದೇ ರುಮಾಲಾದ ಮಾತು ಮುಗೀತಿತ್ತು. ಆದ್ರ ಈಕಿ ಎಲ್ಲಿ ನಿಂದ್ರಸ್ತಾಳ! “ಇದೊಂದೇ ಅಲ್ರಿ. ಕಣ್ಣು ಹೋಗಿ ಮೂರು ವರ್ಷ ಆತು. ಆರೂ ಹಿಂಗೇ ಹೊಲದೀನಿ. ಖಬರ್ ಇರಲಿಲ್ಲರಿ. ಇನ್ಮ್ಯಾಲ ಬ್ಯಾರೆದವರಿಗೆ ಕೊಡ್ರಿ.”

ಭಾಯಿ ಬಾಯಿಯ ಅರಬಿ ಬಿಚ್ಚಿದ. ನಗಲಿಲ್ಲ, ಪರವಾಯಿಲ್ಲ ಬಿಡ್ರಿ ಅಂತನೂ ಅನಲಿಲ್ಲ. ಕೇಸರಿ ರುಮಾಲಾ ಮಡಚಿ ತಟ್ಟ್ಯಾಗ ವಾಪಸ್ ಇಟ್ಟ. ಪೆಟ್ಟಿಗ್ಯಾಗಿಂದ ಸಾದಾ ಬಿಳಿ ಹತ್ತೀದು ಒಂದು ತೆಗದು, ಮತ್ತ ಬಾಯಿ ಕಟ್ಕೊಂಡು, ಅದನ್ನೇ ಹೊಚ್ಚಿದ. ಎಲ್ಲಾ ಮುಗಿಸಿ ನಮ್ಮ ಮುಂದ ಬಂದು ಕೂತ.

“ಮಡಿ ಮೈಲಿಗಿ ನಮ್ಮಲ್ಲೂ ಇಲ್ಲರಿ ಅಮ್ಮಾ. ಆದ್ರ ನಾವು ಇದಕ್ಕ ಪುಸ್ತಕ ಅನ್ನಂಗಿಲ್ಲ, ಗುರು ಅಂತೀವಿ. ಮುಂದ ಕೂತ ಗುರುವಿಗೆ ಅಂಗಿ ಹೊಲದು ಕೊಡೂವಾಗ ಹ್ಯಾಂಗ ಚೊಕ್ಕ ಕೊಡ್ತೀವಿ, ಇದಕ್ಕೂ ಹಂಗ. ಹಿಂದಿನ ಐದು ಹೋಗಿ ಆತು. ತಪ್ಪಾಗಿದ್ದು ಮಾಫ್ ಮಾಡಂತ ನಾವು ದಿನಾ ಬೇಡ್ತೀವಿ, ಇವತ್ತು ನಿಮ್ಮದೂ ಬೇಡ್ತೀನಿ.”

“ಮತ್ತ ಕೆಲಸ?” ನಾನೇ ಕೇಳಿದೆ.

“ಇವರೇ ಹೊಲೀಬೇಕು. ಬ್ಯಾರೆದವರಿಗೆ ಕೊಟ್ರ, ದಾರ ಹ್ಯಾಂಗ ಪೋಣಸ್ಯಾರಂತ ನನಗ ಯಾರು ಬಂದು ಹೇಳ್ತಾರ?” ಆಮ್ಯಾಲ ನನ್ನ ಕಡಿ ನೋಡಿದ. “ನೀವು ಬಾಜೂಕೇ ಕೂಡ್ತೀರಿ. ನಿಮಗ ಗೊತ್ತಿತ್ತೇನು?”

ಇಲ್ಲಂತ ಅನಬಹುದಿತ್ತು. ಶಿವಕಾಂತಾನೂ ನನ್ನ ಕಡಿ ತಿರುಗಿದಳು.

“ಗೊತ್ತಿತ್ತರಿ,” ಅಂದೆ. ನನಗ ಭಾಳ ನಾಚಿಕಿ ಆತು. ಮನಿಗೆ ಬರೂತನಕ ಆಕಿ ನನ್ನ ಕೈ ಹಿಡದೇ ಬಂದಳು, ರಸ್ತಾ ದಾಟಬೇಕಲ್ಲ. ಮಾತು ಮಾತ್ರ ಆಡಲಿಲ್ಲ.

ಹುಣ್ಣಿವಿ ಹಬ್ಬ ಬಿಳಿ ಹತ್ತಿ ಅರಬಿಮ್ಯಾಲೇ ಆತು. ಎಂಟು ದಿನ ಬಿಟ್ಟು ಹೊಸಾ ರೇಷ್ಮಿ ಬಂತು. ಶಿವಕಾಂತಾ ಒಂದು ಝಾಲರಕ್ಕ ಬೇಕಾಗೋ ಹದಿನಾಕು ಸೂಜಿ ತಂದು ನನ್ನ ಮುಂದ ಇಟ್ಟಳು. ದಾರದ ತುದಿ ಓರಿ ಕತ್ತರಿಸಿ, ಉಗುಳು ಹಚ್ಚದೇ ಪೋಣಸಾಕ ಕೂತೆ. ಹೇಳಿದಷ್ಟು ಹಗುರ ಇಲ್ಲರಿ ಅದು. ಮೂರನೇ ಸೂಜಿಗೇ ನನ್ನ ಕೈ ತಾನೇ ಬಾಯಿ ಕಡಿ ಏರಿತು, ಹಿಡಕೊಂಡೆ.

ಅವತ್ತಿಂದ ರುಮಾಲಾದ ಸೂಜಿ ಪೋಣಸೋದು ನಂದೇ ಕೆಲಸ. ಆಕಿ ಬಂದು ಎದರಾ ಎದರ ಕೂಡ್ತಾಳ, ಒಂದು ಗೇಣು ಅಂತರಕ್ಕ ಮುಖ ತರ್ತಾಳ. ಸೂಜಿ ಹ್ಯಾಂಗೂ ಕಾಣಂಗಿಲ್ಲ ಆಕೀಗೆ. ಹದಿನಾಕೂ ಸೂಜಿ ಮುಗಿಯೋ ತನಕ ನನ್ನ ಬಾಯಿ ನೋಡ್ಕೋತ ಕೂಡ್ತಾಳ.