ಸಾಹುಕಾರರಿಗೆ ಎದುರು ನಿಂತ ನಮ್ಮತ್ತೆ

ನಮ್ಮೂರ ಸಾಹುಕಾರರ ಮನೆಯಲ್ಲಿ ಒಂದು ಫ್ರಿಜ್ಜಿತ್ತು. ಅದರೊಳಗೆ ಅವರ ಹೆಂಡತಿ ಹುಣಸೆಹಣ್ಣು ಇಡುತ್ತಿದ್ದರು. ಹುಣಸೆಹಣ್ಣು ತಣ್ಣಗಿರಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ, ಆದರೆ ಅಷ್ಟು ದೊಡ್ಡ ಬಿಳೀ ಪೆಟ್ಟಿಗೆಯೊಳಗೆ ಏನಾದರೂ ಇಡಬೇಕಲ್ಲ. ಕರೆಂಟು ಬರುತ್ತಿದ್ದುದೇ ಅಷ್ಟಕ್ಕಷ್ಟೆ. ಬಂದಾಗ ಅದು ಗುರ್ ಎನ್ನುತ್ತಿತ್ತು. ಆ ಸದ್ದು ಕೇಳಲೆಂದೇ ಹೆಂಗಸರು ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಹೋಗಿ ಬರುತ್ತಿದ್ದರು. ನಾನೂ ಹೋಗಿದ್ದೇನೆ, ಸುಳ್ಳೇಕೆ ಹೇಳಲಿ.

ಇದು ಅರವತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆಯ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದು ಇನ್ನೂ ಹೊಸದು. ನಮ್ಮದು ರಾಗಿ, ಹುರುಳಿ ಬೆಳೆಯುವ ಮನೆ. ಸಾಹುಕಾರರದು ದ್ರಾಕ್ಷಿ. ಊರ ಮುಂದೆ ಕಣ್ಣು ಹಾಯಿಸಿದಷ್ಟೂ ಅವರದೇ ಚಪ್ಪರ. ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವ ಲಾರಿಯೂ ಅವರದೇ, ಊರಿಗಿದ್ದ ಒಂದೇ ಕಾರೂ ಅವರದೇ. ಇಷ್ಟೆಲ್ಲ ಇದ್ದ ಮೇಲೆ ಪಂಚಾಯಿತಿ ಮಾತ್ರ ಬೇರೆಯವರ ಕೈಯಲ್ಲಿರುವುದು ಅವರ ಕಣ್ಣಿಗೆ ಕಸ ಬಿದ್ದಂತಾಗಿತ್ತು.

ಚುನಾವಣೆ ಹತ್ತಿರ ಬಂದಾಗ ಅವರು ಊರವರನ್ನೆಲ್ಲ ಅರಳಿಕಟ್ಟೆಗೆ ಕರೆಸಿದರು. ನಮ್ಮೂರಿಂದ ಪಂಚಾಯಿತಿಗೆ ಹೋಗಬೇಕಾದವರು ಒಬ್ಬ ಮೆಂಬರು.

"ಎಲೆಕ್ಷನ್ನು ಗಿಲೆಕ್ಷನ್ನು ಅಂತ ಯಾಕ್ರಪ್ಪಾ ಜಗಳ? ಅಣ್ಣತಮ್ಮಂದಿರು ಮುಖ ತಿರುಗಿಸ್ಕೊಂಡು ಓಡಾಡೋದು ಯಾಕೆ? ನನ್ನೊಬ್ಬನ್ನೇ ನಿಲ್ಲೋಕೆ ಬಿಟ್ಬಿಡಿ. ಆಂಜನೇಯನ ಗುಡಿಗೆ ತಾರಸಿ ಹಾಕಿಸ್ತೀನಿ. ಮನೆಗೊಂದು ಹಿತ್ತಾಳೆ ಕೊಳಗ ಕೊಡ್ತೀನಿ. ಊರಿಗೆಲ್ಲ ಒಂದು ಊಟ."

ಊರು ಒಪ್ಪಿತು. ಊರಿಗೆ ಏನು, ಕುಂತಲ್ಲಿಗೆ ಕೊಳಗ ಬರುತ್ತದೆ ಎಂದರೆ ಬೇಡ ಎನ್ನುವವರು ಯಾರು? ನನ್ನ ಗಂಡನೂ ತಲೆಯಾಡಿಸಿ ಬಂದರು.

ಅವತ್ತು ಸಂಜೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ತಾವಾಗಿಯೇ ಸದ್ದು ಮಾಡತೊಡಗಿದವು. ಅತ್ತೆ ಸಿಟ್ಟು ಬಂದರೆ ಬಾಯಿ ಬಿಡುವವರಲ್ಲ, ಪಾತ್ರೆಗಳ ಕೈಯಲ್ಲಿ ಬಿಡಿಸುವವರು. ಒಂದು ತಪ್ಪಲೆ ಬಚ್ಚಲವರೆಗೂ ಉರುಳಿಹೋದ ಮೇಲೆ ನಾನು ಮೆಲ್ಲಗೆ, "ಏನಾಯ್ತು ಅತ್ತೆ?" ಅಂದೆ.

"ಎಲೆಕ್ಷನ್ ಇಲ್ವಂತೆ."

"ಇಲ್ಲದಿದ್ರೆ ನಮಗೇನು?"

ಅವರು ಒಲೆ ಮುಂದೆ ಕೂತರು. ಹೋದ ಸಲ ಓಟು ಹಾಕಲು ಹೋದಾಗ, ಸ್ಕೂಲಿನೊಳಗೆ ಮೇಜಿನ ಹಿಂದೆ ಕೂತಿದ್ದ ಬಿಳೀ ಷರಟಿನವನೊಬ್ಬ ಅವರ ಹೆಸರನ್ನು ಗಟ್ಟಿಯಾಗಿ ಕೂಗಿದನಂತೆ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಲ್ಲ. ಬರೀ ಹೆಸರು, ಅದಕ್ಕೊಂದು ಅಮ್ಮ ಸೇರಿಸಿ. ಅತ್ತೆ, ಯಾರನ್ನು ಕೂಗುತ್ತಿದ್ದಾನೆಂದು ಹಿಂದೆ ತಿರುಗಿ ನೋಡಿದರಂತೆ.

"ನಮ್ಮವ್ವ ಸತ್ತ ಮೇಲೆ ಅದನ್ನ ಯಾರೂ ಕೂಗಿರ್ಲಿಲ್ಲ ಕಣೆ ಹುಡ್ಗಿ. ನಿಮ್ಮ ಮಾವ ಕರೆಯೋದು 'ಏ' ಅಂತ. ಎಮ್ಮೇನೂ 'ಏ' ಅಂತಲೇ ಕರೀತಾರೆ. ಎಷ್ಟೋ ಸಲ ಇಬ್ರೂ ತಿರುಗಿ ನೋಡಿದೀವಿ."

ನನಗೆ ನಗು ಬಂತು, ಆಮೇಲೆ ಒಂದು ನೆನಪೂ ಬಂತು. ನಮ್ಮ ಮದುವೆಯ ಲಗ್ನಪತ್ರಿಕೆಯಲ್ಲಿ ಮಾವನ ಹೆಸರು, ಮಾವನ ಅಪ್ಪನ ಹೆಸರು, ಊರಿನ ದೇವರ ಹೆಸರು ಎಲ್ಲ ಇತ್ತು. ಅತ್ತೆ 'ಧರ್ಮಪತ್ನಿ' ಆಗಿದ್ದರು. ಆ ಹೆಸರನ್ನು ನಾನಾದರೂ ಇಲ್ಲಿ ಬರೆಯಬಹುದಿತ್ತು. ಆದರೆ ಸೊಸೆ ಅತ್ತೆಯ ಹೆಸರು ಹಿಡಿದು ಹೇಳುವಂತಿಲ್ಲ ಎಂದು ನನಗೂ ಕಲಿಸಿ ಕಳಿಸಿದ್ದಾರೆ. ಈ ವಯಸ್ಸಿನಲ್ಲೂ ಪೆನ್ನು ಅಲ್ಲಿಗೆ ಬಂದು ನಿಂತುಬಿಡುತ್ತದೆ.

"ಎಲೆಕ್ಷನ್ ಆಗ್ಬೇಕಂದ್ರೆ ಎಷ್ಟು ಜನ ನಿಲ್ಬೇಕು?" ಅತ್ತೆ ಕೇಳಿದರು.

"ಇಬ್ಬರು ನಿಂತರೆ ಸಾಕು."

"ಹಂಗಾದ್ರೆ ಇನ್ನೊಬ್ಳು ನಾನು."

ಮಾವ ಬೇಡ ಎನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಎಂದವರಲ್ಲ, ಹೂಂ ಎಂದವರೂ ಅಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಮ್ಮ ಜೊತೆ ಬಸ್ಸು ಹತ್ತಿದರು. ಊರಲ್ಲಿ ಇಂಗ್ಲಿಷ್ ಅಕ್ಷರ ಬಲ್ಲ ಹೆಂಗಸು ನಾನೊಬ್ಬಳೇ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಅರ್ಜಿ ಇದ್ದದ್ದು ಕನ್ನಡದಲ್ಲಿ.

ದೊಡ್ಡಬಳ್ಳಾಪುರದ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದ ಅಧಿಕಾರಿ ಧಾರವಾಡ ಕಡೆಯವರು. ಅತ್ತೆ ತಮ್ಮ ಹೆಸರನ್ನು, ಬಾಯಲ್ಲಿ ಬೆಲ್ಲವಿದ್ದಂತೆ, ನಿಧಾನವಾಗಿ ಹೇಳಿದರು.

"ಗಂಡನ ಹೆಸರು?"

ಅತ್ತೆ ತಲೆ ತಗ್ಗಿಸಿದರು. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದವರು. "ಶಿವಗಂಗೆ ಬೆಟ್ಟದ ಮೇಲೆ ಇರೋ ಸ್ವಾಮಿ," ಅಂದರು.

"ಸ್ವಾಮಿಗಳ ಹೆಂಡತೀನ ಏನ್ರೀ ನೀವು?" ಅಧಿಕಾರಿಗೆ ಗಾಬರಿ.

"ಅಲ್ಲ ಕಣಪ್ಪ, ಆ ದೇವ್ರ ಹೆಸ್ರೇ ಇವರ್ದೂ."

"ಯಾವ ದೇವ್ರು? ನಾ ಆ ಬೆಟ್ಟಾನ ನೋಡಿಲ್ರೀ."

ಅಧಿಕಾರಿ ಮಾವನ ಕಡೆ ತಿರುಗಿದರು. ಮಾವ ತಮ್ಮ ಹೆಸರನ್ನು ಸರಾಗವಾಗಿ ಹೇಳಿದರು. "ಇವರು ಯಾರು ನಿಮಗೆ? ಇವರ ಹೆಸರೊಮ್ಮೆ ಸರಿಯಾಗಿ ಹೇಳ್ರಿ, ನನಗ ಪೂರ್ತಿ ಕೇಳ್ಸಿಲ್ಲ" ಅಂದಾಗ ಮಾವನ ಕಿವಿ ಕೆಂಪಗಾಯಿತು. ಸೂರು ನೋಡಿದರು, ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕೊನೆಗೆ "ಮನೆಯವ್ರು" ಅಂದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಹೋಗಬೇಕಾಯಿತು. ಕೊನೆಗೆ ಅವರವರ ಹೆಸರನ್ನು ಅವರವರೇ ಹೇಳಿ ಅರ್ಜಿ ಮುಗಿಸಿದರು. ಆಮೇಲೆ ಚುನಾವಣೆಯ ಗುರುತು ಹಂಚಿದಾಗ ಅತ್ತೆಗೆ ಬಿಂದಿಗೆ ಸಿಕ್ಕಿತು. ಸಾಹುಕಾರರಿಗೆ ಕುದುರೆ.

ಸುದ್ದಿ ಊರು ಮುಟ್ಟಿದ ಮರುದಿನ ಬೆಳಿಗ್ಗೆ ಸಾಹುಕಾರರ ಕಾರು ನಮ್ಮ ತಿಪ್ಪೆಯ ಪಕ್ಕ ನಿಂತಿತು. ಅವರು ಜಗುಲಿಯ ಮೇಲೆ ಕೂತು ಒಂದು ಬುಟ್ಟಿ ದ್ರಾಕ್ಷಿ ಇಟ್ಟರು.

"ಅಕ್ಕಾ, ನಿಂಗೇನು ಬೇಕು ಕೇಳು. ಕಂಚಿ ಸೀರೆ?"

"ಉಟ್ಕೊಂಡು ಎಲ್ಲಿಗಪ್ಪ ಹೋಗ್ಲಿ, ಸಗಣಿ ಬಾಚೋಕಾ?"

"ಗೋಡೆ ಗಡಿಯಾರ?"

"ನಮ್ಮನೇಲಿ ಹುಂಜ ಐತೆ."

ಸಾಹುಕಾರರು ಬೆವರಿದರು. ಕೊಡಲು ಬಂದವರಿಗೆ ಏನೂ ಬೇಡ ಎನ್ನುವವರನ್ನು ಕಂಡರೆ ಆಗುವ ಹೆದರಿಕೆ ಸಾಲ ಕೊಟ್ಟವನನ್ನು ಕಂಡರೂ ಆಗುವುದಿಲ್ಲ. ಕೊನೆಗೆ ಅತ್ತೆಯೇ ಪಾಪವೆನಿಸಿ ಹೆಸರು ಕೂಗಿದ ವಿಷಯ ಹೇಳಿಬಿಟ್ಟರು. ಸಾಹುಕಾರರ ಮುಖ ಅರಳಿತು.

"ಇಷ್ಟೇನಾ? ತಮಟೆಯವನಿಗೆ ಹೇಳ್ತೀನಿ. ದಿನಾ ಬೆಳಿಗ್ಗೆ ನಿಮ್ಮನೆ ಮುಂದೆ ನಿಂತು ನಿನ್ನ ಹೆಸ್ರು ಕೂಗ್ತಾನೆ. ಐದು ವರ್ಷಕ್ಕೊಂದ್ಸಲ ಯಾಕೆ, ದಿನಾ ಕೂಗಿಸ್ತೀನಿ. ಅರ್ಜಿ ವಾಪಸ್ ತಗೋ."

ಅತ್ತೆ ನಿಜವಾಗಿಯೂ ಯೋಚಿಸಿದರು. ಆಸೆಯಾದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ನನಗೆ, ಈಯಮ್ಮ ಒಪ್ಪಿಬಿಟ್ಟರೆ ಎನ್ನಿಸಿತು.

"ಬ್ಯಾಡ ಕಣಪ್ಪ. ನೀನು ಹೇಳ್ದೆ ಅಂತ ಅವನು ಕೂಗೋದು. ಸರ್ಕಾರ ಆದ್ರೆ, ನಾನು ಬಂದೆ ಅಂತ ಕೂಗ್ತದೆ."

ಸಾಹುಕಾರರು ಎದ್ದರು. ಬೀಳ್ಕೊಡುವಾಗ ಅತ್ತೆ ಅವರಿಗೆ ಧೈರ್ಯ ಹೇಳಿದರು: "ನೀನೇನೂ ಭಯ ಬೀಳ್ಬೇಡ. ನಾನೇ ಮನೆಮನೆಗೂ ಹೋಗಿ ನಿಂಗೆ ಓಟು ಹಾಕಿ ಅಂತೀನಿ."

ಹೇಳಿದಂತೆಯೇ ಮಾಡಿದರು. ನಾನು ಜೊತೆಗೆ ಹೋಗಿದ್ದೆ. "ನಾನು ನಿಂತಿದೀನಿ, ಕುದುರೆಗೆ ಹಾಕಿ" ಎಂದು ಕೈಮುಗಿಯುತ್ತಿದ್ದರು. ಊರವರಿಗೂ ಅತ್ತೆಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಮೊದಲು ಒಂದೇ ಊಟವಿತ್ತು. ಈಗ ಎದುರಾಳಿ ಬಂದದ್ದರಿಂದ ಸಾಹುಕಾರರು ಹೆದರಿ ಕೇರಿಗೊಂದು ಊಟ ಹಾಕಿಸತೊಡಗಿದರು. ಮೊದಲು ಪಾಯಸ, ಆಮೇಲೆ ಲಾಡು, ಆಮೇಲೆ ಬೆಂಗಳೂರಿನಿಂದ ಲಾರಿಯಲ್ಲಿ ಬಂದ ಜಿಲೇಬಿ. ಜನ ಅತ್ತೆಯನ್ನು ಕಂಡಾಗಲೆಲ್ಲ, "ಅರ್ಜಿ ಗಿರ್ಜಿ ವಾಪಸ್ ತಗೋಬ್ಯಾಡ ಕಣವ್ವ" ಎಂದು ಬೇಡಿಕೊಳ್ಳುತ್ತಿದ್ದರು. ಅತ್ತೆಯೂ ಹೋಗಿ ಜಿಲೇಬಿ ತಿಂದರು. ನಾನೂ ತಿಂದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ಎಷ್ಟು ಒಳ್ಳೆಯದೋ ಅಷ್ಟೇ ಅಪಾಯದ್ದು. ದುಡ್ಡಿದ್ದವರು ಅದನ್ನು ನಮಗಿಂತ ಚೆನ್ನಾಗಿ ಬಲ್ಲರು, ಅದಕ್ಕೇ ಮೊದಲು ಎಲೆ ಹಾಕಿಸುತ್ತಾರೆ. ಆ ಸಿಟ್ಟು ನನಗೆ ಈಗ ಬರುತ್ತದೆ. ಆಗ ಬಾಯಿ ತುಂಬ ಜಿಲೇಬಿಯಿತ್ತು.

ಓಟಿನ ದಿನ ಸಾಹುಕಾರರು ಮುದುಕರಿಗೆಲ್ಲ ಕಾರು ಕಳಿಸಿದರು. ಗಡಿಬಿಡಿಯಲ್ಲಿ ಡ್ರೈವರ್ ಎದುರಾಳಿಯ ಮನೆ ಮುಂದೆಯೂ ನಿಲ್ಲಿಸಿದ. ಅತ್ತೆ ಹಸಿರು ಸೀರೆ ಉಟ್ಟು, ಹಣೆತುಂಬ ಕುಂಕುಮವಿಟ್ಟು ಹತ್ತಿ ಕೂತರು. ಸ್ಕೂಲು ಇದ್ದದ್ದು ನಮ್ಮ ಹಿತ್ತಿಲ ಹಿಂದೆ. ಕಾರು ಊರು ಸುತ್ತಿ ಬರುವಷ್ಟರಲ್ಲಿ ನಾನು ನಡೆದೇ ಹೋಗಿ ಸಾಲಿನಲ್ಲಿ ನಿಂತಿದ್ದೆ.

ಒಳಗೆ ಬಿಳೀ ಷರಟಿನವನು ಪಟ್ಟಿಯಲ್ಲಿ ಬೆರಳಿಟ್ಟು ಅತ್ತೆಯ ಹೆಸರನ್ನು ಕೂಗಿದ. ಸ್ಕೂಲಿನ ಹೆಂಚಿಗೆ ತಾಗಿ ಬಂದಂತಿತ್ತು ದನಿ. ಅತ್ತೆ ಈ ಸಲ ಹಿಂದೆ ತಿರುಗಿ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಹೇಳಿದರು: "ಇನ್ನೊಂದ್ಸಲ ಕೂಗಿ ಸ್ವಾಮಿ, ಗದ್ಲದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

ಅಲ್ಲಿ ಸೊಳ್ಳೆಯ ಗದ್ದಲವೂ ಇರಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಅತ್ತೆ "ಇದೀನಿ" ಅಂದರು. ಅವರ ಮುಖ ನೋಡಿ ನನಗೆ ಅಳು ಬಂತು, ಏಕೆಂದು ಪಕ್ಕದವಳು ಕೇಳಿದರೆ ಕಣ್ಣಿಗೆ ಧೂಳು ಅಂದೆ.

ಸಂಜೆ ಅಲ್ಲೇ ಎಣಿಸಿದರು. ಓಟೆಲ್ಲ ಕುದುರೆಗೆ. ಬಿಂದಿಗೆಗೆ ಒಂದು. ಅತ್ತೆಗೆ ಪರಮಾನಂದ, ಏಕೆಂದರೆ ಫಲಿತಾಂಶ ಓದುವಾಗ ಹೆಸರನ್ನು ಮತ್ತೊಮ್ಮೆ ಕೂಗಿದರು. ಸಾಹುಕಾರರು ಹಾರ ಹಾಕಿಸಿಕೊಂಡೂ ಮುಖ ಗಂಟಿಕ್ಕಿದ್ದರು.

"ಎಲ್ಲಾರೂ ಉಂಡಿದ್ರಲ್ಲ, ಆ ಒಂದು ಯಾರ್ದು?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಊರನ್ನೇ ಗೆದ್ದವರು ಒಂದು ಓಟಿಗಾಗಿ ವಾರಗಟ್ಟಲೆ ನಿದ್ದೆಗೆಟ್ಟರು.

ಆ ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ ನಗುತ್ತಾ, "ಅವ್ವಾ, ಆ ಓಟು ನಂದೇ" ಅಂದರು.

"ಸುಳ್ಳು ಬೊಗಳ್ಬೇಡ. ಎರಡೆರಡು ಸಲ ಜಿಲೇಬಿ ಹಾಕಿಸ್ಕೊಂಡಿದ್ದು ನೋಡಿದೀನಿ. ನನ್ನ ಓಟೇ ನಾನು ಕುದುರೆಗೆ ಹಾಕ್ದೆ, ಉಂಡಿದ್ದೆನಲ್ಲ" ಎಂದ ಅತ್ತೆ ಮುದ್ದೆ ಇಡುತ್ತಾ ಮಾವನ ತಟ್ಟೆಯ ಮುಂದೆ ನಿಂತರು. "ನೀವು ಯಾವ ಊಟಕ್ಕೂ ಬರ್ಲೇ ಇಲ್ವಲ್ಲ. ಹಲ್ಲು ನೋವು ಅಂದ್ರಿ."

ಮಾವ ತಲೆ ಎತ್ತಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು.

"ಹೆಸ್ರು ಹಿಡ್ದು ಕೂಗೋಕೆ ನಂಗೆ ಬಾಯಿ ಬರಕಿಲ್ಲ," ಅಂದರು. "ಅದ್ಕೇ ಮುದ್ರೆ ಒತ್ತಿ ಬಂದೆ."

ಅತ್ತೆ ಒಳಗೆ ಹೋಗಿ ತುಪ್ಪದ ಗಿಂಡಿ ತಂದರು. ಅವತ್ತು ಮಾವನೊಬ್ಬರ ತಟ್ಟೆಗೆ ಬಿತ್ತು. ನಮಗ್ಯಾರಿಗೂ ಬಡಿಸಲಿಲ್ಲ, ನಾವ್ಯಾರೂ ಕೇಳಲೂ ಇಲ್ಲ.