ರಕ್ತ ಬರದ ಒಸಡು

ಮೊದಲ ಬಸಿರಿನಲ್ಲಿ ನನ್ನ ಒಸಡಿನಿಂದ ರಕ್ತ ಬರತೊಡಗಿತು. ಅರವತ್ತರ ದಶಕದ ಆರಂಭ. ವಿಜಾಪುರದ ಕಾನ್ವೆಂಟಿನಲ್ಲಿ ಓದಿದ ನಾನು ತಿಕೋಟಾದ ಸೊಸೆಯಾಗಿ ಬಹಳ ದಿನವಾಗಿರಲಿಲ್ಲ. ಹಲ್ಲುಜ್ಜಿ ಉಗುಳಿದರೆ ಬಚ್ಚಲ ಕಲ್ಲಿನ ಮೇಲೆ ಕೆಂಪು ಎಳೆ. ಹಲ್ಲೆಲ್ಲ ಉದುರುತ್ತವೆಂಬ ದಿಗಿಲಿಗೆ ನಾಲಿಗೆ ದಿನವಿಡೀ ಒಸಡಿನ ಮೇಲೇ ಓಡಾಡುತ್ತಿತ್ತು. ರೊಟ್ಟಿ ಬಡಿಯುತ್ತ ಕೂತವಳು ನಡುವೆ ಎದ್ದು ಕನ್ನಡಿ ನೋಡಿ ಬರುತ್ತಿದ್ದೆ.

"ಹಲ್ಲಿಗೆ ಕಸಬರಗಿ ಹಾಕಿ ತಿಕ್ಕಿದ್ರ ರಕ್ತ ಬರದ ಹಾಲು ಬರ್ತೈತೇನ ಬೇ?" ಎಂದು ಅತ್ತೆ ನನ್ನ ಬ್ರಷ್ಷನ್ನು ಎತ್ತಿಟ್ಟರು. ಅವರು ಹಂಚಿನ ಮೇಲೆ ತಂಬಾಕು ಸುಟ್ಟು ಪುಡಿ ಮಾಡಿ, ಆ ಕರಿ ಮಿಶ್ರಿಯನ್ನು ಬೆರಳಿನಿಂದ ಒಸಡಿಗೆ ತಿಕ್ಕುವವರು. ಓಣಿಯ ಹೆಂಗಸರೆಲ್ಲ ಹಾಗೆಯೇ. "ಇದನ್ನ ಹಚ್ಚು. ನನಗ ಇಷ್ಟು ವಯಸ್ಸಾತು, ಒಂದ್ ಹನಿ ರಕ್ತ ಕಂಡಿಲ್ಲ."

ಬ್ರಷ್ಷು ಬಿಟ್ಟೆ. ಮಿಶ್ರಿಯ ವಾಸನೆಗೆ ವಾಕರಿಕೆ ಬಂದು ಅದನ್ನೂ ಮುಟ್ಟಲಿಲ್ಲ. ಎರಡು ಹಲ್ಲುಗಳ ನಡುವೆ ಚೂಪಾಗಿರಬೇಕಾದ ಒಸಡು ನೆನೆದ ಕಡಲೆಯಂತೆ ಉಬ್ಬಿತು. ಕೊನೆಗೆ ಅತ್ತೆಯೇ ಬಸ್ಸು ಹತ್ತಿಸಿ ವಿಜಾಪುರದ ಸ್ಟೇಷನ್ ರಸ್ತೆಯ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರು ನನ್ನ ಕೈಗೆ ಕನ್ನಡಿ ಕೊಟ್ಟರು. "ಒಸಡು ಅಂದ್ರ ಹಲ್ಲಿನ ಕೊರಳಿಗೆ ಅಂಗಿ ಕಾಲರ್ ಇದ್ದಂಗ ತಂಗಿ. ಅಂಚು ಸಡಲ, ಒಳಗ ಸಣ್ಣ ಸಂದಿ. ಅದರ ಕೆಳಗ ನಾರು ಹಲ್ಲನ್ನ ಎಲುಬಿಗೆ ಬಿಗದಿರ್ತಾವ. ಸಂದ್ಯಾಗ ಹೊಲಸು ಕುಂತ್ರ ಅಂಚು ಊದ್ತೈತಿ, ಬಸರಾದಾಗ ಇನ್ನಷ್ಟು. ರಕ್ತ ಬರ್ತೈತಂತ ಬಿಡಬ್ಯಾಡ್ರಿ, ಅಲ್ಲೇ ಮೆತ್ತಗ ತಿಕ್ಕರಿ. ಹಲ್ಲು ಗಟ್ಟಿ ಅದಾವ."

"ಮಿಶ್ರಿ ಹಚ್ಚು ಅಂದ್ರ ಕೇಳವಲ್ಲಳ್ರಿ ಸಾಹೇಬ್ರ. ನಂದು ನೋಡ್ರಿ," ಎಂದು ಅತ್ತೆ ಹೆಮ್ಮೆಯಿಂದ ಬಾಯಿ ತೆರೆದರು.

ಅವರ ಒಸಡು ಬೂದು ಬಣ್ಣಕ್ಕೆ ತಿರುಗಿ ಹಲ್ಲಿನ ಬುಡ ಬಿಟ್ಟು ಇಳಿದಿತ್ತು. ಡಾಕ್ಟರು ಕೆಳಗಿನ ಮುಂದಿನ ಹಲ್ಲನ್ನು ಒತ್ತಿದರು. ಅದು ಅಲುಗಿತು.

"ತಂಬಾಕು ರಕ್ತ ಬರಗೊಡೂದಿಲ್ರಿ ಅವ್ವಾರ. ಬ್ಯಾನಿ ಒಳಗ ನಡದಿರ್ತೈತಿ, ಹೊರಗ ಗೊತ್ತಾಗೂದಿಲ್ಲ. ಮಿಶ್ರಿ ಇವತ್ತಿಂದನ ಬಿಡ್ರಿ."

ಅತ್ತೆ ಸೆರಗಿನಿಂದ ತುಟಿ ಒರೆಸಿಕೊಂಡರು. "ಈಕಿ ಹಲ್ಲು ಉಳೀತಾವಲ್ಲ?" ಎಂದಷ್ಟೇ ಕೇಳಿದರು.

ಮನೆಗೆ ಬಂದವರೇ ಬ್ರಷ್ಷನ್ನು ನನ್ನ ಕೈಗಿಟ್ಟರು. ತಮ್ಮ ಮಿಶ್ರಿಯನ್ನು ಮಾತ್ರ ಬಿಡಲಾಗಲಿಲ್ಲ. ಬಿಟ್ಟ ದಿನ ತಲೆ ಸಿಡಿಯುತ್ತದೆಂದು ಸಂಜೆಯೊಳಗೆ ಮತ್ತೆ ಹಂಚು ಇಡುತ್ತಿದ್ದರು. ನನ್ನ ಒಸಡು ಬಿಗಿಯಾಯಿತು, ಜೀವಕ್ಕೆ ಮಾತ್ರ ಸಮಾಧಾನವಿರಲಿಲ್ಲ. ಊಟಕ್ಕೆ ಕೂತರೆ ಕಣ್ಣು ಅವರ ದವಡೆಯ ಮೇಲೇ. ಖಡಕ್ ರೊಟ್ಟಿಯನ್ನು ಮುಂದಿನ ಹಲ್ಲಿಗೆ ತಾಗಿಸದೆ ಬದಿಯಿಂದ ಮುರಿಯುತ್ತಿದ್ದರು.

"ಏನ್ ನೋಡ್ತಿ ಬೇ? ನನ್ನ ಬಾಯಾಗ ಸಿನಿಮಾ ನಡದೈತೇನ?"

ನಾನು ಅವರ ತಾಟಿನ ರೊಟ್ಟಿ ನೆನೆಯುವಂತೆ ಇನ್ನಷ್ಟು ಸಾರು ಹಾಕಿದೆ.