ಮುಖದ ಶಾಟು ಬಾಕಿ

ನಮ್ಮ ದೊಡ್ಡವ್ವ ಜಯಲಕ್ಷ್ಮಮ್ಮನ ಕಾಲುಗಳನ್ನು ನೀವು ಯಾವುದಾದರೂ ಹಳೆಯ ಸಿನಿಮಾದಲ್ಲಿ ನೋಡಿಯೇ ಇರುತ್ತೀರಿ. ಮುಖವನ್ನು ಮಾತ್ರ ನೋಡಿರಲಿಕ್ಕಿಲ್ಲ. ಪಾಲಹಳ್ಳಿಯಿಂದ ಮದ್ರಾಸಿಗೆ ಹೋಗಿ ಇಪ್ಪತ್ತೆರಡು ವರ್ಷ ಕುಣಿದವಳು ಅವಳು. ಹಾಡಿನಲ್ಲಿ ಎರಡನೇ ಸಾಲಿನ ಮೂರನೆಯವಳು. ನಾಯಕಿಗೆ ಹೆಜ್ಜೆ ಬಾರದಿದ್ದರೆ ಮುಖ ನಾಯಕಿಯದು, ಕಾಲು ಇವಳದು. ಅದನ್ನು ಅವಳು ಹೇಳಿಕೊಂಡರೆ ಊರಿನವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಕೊನೆಯ ಹಾಡಿನ ಶೂಟಿಂಗ್ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ನಡೆಯಿತು. ಈ ಸಲ ಕ್ಯಾಮೆರಾ ಅವಳ ಕಾಲಿನಿಂದ ಮೇಲೇರಿ ಮುಖಕ್ಕೆ ಬರುತ್ತದೆಂದು ಡಾನ್ಸ್ ಮಾಸ್ಟರು ಮಾತು ಕೊಟ್ಟಿದ್ದರು. ಸಂಜೆ ನಾಲ್ಕು ಗಂಟೆ, ಬಲಗಾಲೆತ್ತಿ ನಿಂತಿದ್ದಾಳೆ, ಆಗ ನಿರ್ಮಾಪಕರು ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಸಾಮಾನು ಕಟ್ಟಿಕೊಂಡು ಹೊರಟರು. ಶೂಟಿಂಗ್ ಮುಗಿದಾಗ ಒಡೆಯುವ ಕುಂಬಳಕಾಯಿಯನ್ನು ಯಾರೂ ಒಡೆಯಲಿಲ್ಲ.

ಅಂದಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ದಿನಾ ನಾಲ್ಕಕ್ಕೆ ಮುಖಕ್ಕೆ ಪೌಡರ್ ಹಚ್ಚಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ಕೈ ಮೊರದಲ್ಲಿ ರಾಗಿ ಕೇರುತ್ತಿತ್ತು, ಬಾಯಿ ಯಾರದೋ ಮನೆಯ ಸುದ್ದಿ ಆಡುತ್ತಿತ್ತು. ಕಾಲುಗಳು ಮಾತ್ರ ತಮ್ಮಷ್ಟಕ್ಕೆ ಹೆಜ್ಜೆ ಹಾಕತೊಡಗುತ್ತಿದ್ದವು. ವಯಸ್ಸು ಎಪ್ಪತ್ತೆಂಟಾದರೂ ಆ ಕಾಲುಗಳು ಬಿಡಲಿಲ್ಲ! ಬರಿಗಾಲು ಬೇರೆ. ಆದರೆ ಅಟ್ಟದ ಮೇಲಿನ ಟ್ರಂಕಿನೊಳಗೆ ಅವಳ ಹಳೆಯ ಗೆಜ್ಜೆ ಸದ್ದು ಮಾಡುತ್ತಿತ್ತು. ಕೊನೆಗೆ ಬಲಗಾಲು ಮೇಲೆದ್ದು ಹಾಗೇ ನಿಂತುಬಿಡುತ್ತಿತ್ತು.

“ಎದ್ರುಕೋಬ್ಯಾಡ ಕಣ್ಲಾ ಕುಮಾರ,” ಅನ್ನುತ್ತಿದ್ದಳು. “ಕುಂಬಳಕಾಯಿ ಒಡ್ದಿಲ್ಲ. ನನ್ ಮುಖದ ಶಾಟು ಬಾಕಿ ಅದೆ. ಕರೀತಾರೆ.”

ಕರೆಯುವವರೆಲ್ಲ ಸತ್ತು ಯಾವ ಕಾಲವಾಗಿತ್ತೋ.

ಹೋದ ವರ್ಷ ನನ್ನ ಮಗಳು ತನುಶ್ರೀಯನ್ನು ನೋಡಲು ಕ್ಯಾತನಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಹೊತ್ತು ನೋಡದೆ ಕರೆದದ್ದು ನನ್ನ ತಪ್ಪೇ. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ನಾಲ್ಕಾಯಿತು. ಅಟ್ಟ ಘಲ್ಲೆಂದಿತು. ಗಂಡಿನ ತಾಯಿ ಜಗಲಿಯ ಕಡೆ ಇಣುಕಿ ಬೆವತುಹೋದರು. “ಈ ಮನೇಲಿ ಏನೋ ಅದೆ, ಏಳಿ ಏಳಿ,” ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಒಂದು ಬೂದುಗುಂಬಳ ತಂದೆ. ನಾಲ್ಕಕ್ಕೆ ಅವಳ ಬಲಗಾಲು ಮೇಲೆದ್ದ ಗಳಿಗೆಗೇ ಕರ್ಪೂರ ಹಚ್ಚಿ ಇಳಿ ತೆಗೆದು ಹೊಸ್ತಿಲ ಮುಂದೆ ಒಡೆದೆ. “ಶೂಟಿಂಗ್ ಮುಗೀತು ದೊಡ್ಡವ್ವ!” ಎಂದು ಕೂಗಿದೆ.

ಗೆಜ್ಜೆ ಸದ್ದು ಅರ್ಧಕ್ಕೇ ನಿಂತಿತು. ಎತ್ತಿದ ಕಾಲು ಮೆಲ್ಲಗೆ ನೆಲಕ್ಕಿಳಿಯಿತು. ಅವಳು ಕುಂಕುಮ ಹಚ್ಚಿದ ಕುಂಬಳದ ಹೋಳುಗಳನ್ನೇ ನೋಡಿದಳು, ಆಮೇಲೆ ನನ್ನನ್ನು.

“ಮುಗ್ಸೇಬುಟ್ಟಾ? ಮುಖ ಬಾಕಿ ಇತ್ತಲ್ಲ ಮಗ.”

ಸೆರಗಿನಿಂದ ಪೌಡರ್ ಒರೆಸಿಕೊಂಡಳು. ಮತ್ತೆ ಹಚ್ಚಿಕೊಳ್ಳಲಿಲ್ಲ, ಎದ್ದು ನಡೆಯಲೂ ಇಲ್ಲ. ಒಂಬತ್ತನೇ ದಿನ ಹೋಗಿಬಿಟ್ಟಳು.

ಹೆಣದ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷವಿತ್ತು. ನಾನು ದಾರ ಹಿಡಿದು ಕಾದೆ. ಅಟ್ಟದ ಕಡೆ ಕಿವಿಗೊಟ್ಟೆ. ಆ ಕಾಲು ಒಮ್ಮೆ ಅಲುಗಲಿ ಎಂದು ದೇವರಿಗೆ ಕೈ ಮುಗಿದೆ.

ನಾಲ್ಕು ಹೊಡೆಯಿತು. ಗಂಟು ಹಾಕಿದೆ.